ಸುತ್ತಿನ ಲೆಕ್ಕ

ಮನೆಖರ್ಚಿಗೆಂದು ಯಾರೋ ಬರೆದದ್ದು.
ಹಾಲು, ದಿನಸಿ, ಮಕ್ಕಳ ಫೀಸು,
ಸಾಕುಪ್ರಾಣಿ ಅಂತಲೂ ಒಂದು ಖಾತೆ.
ದುಡ್ಡಿಲ್ಲ, ಬೀಗವಿಲ್ಲ, ಬೇಕಾದರೆ ಬಿಚ್ಚಿ ನೋಡು ಎಂದು
ಹೊಟ್ಟೆಯೊಳಗಿನದನ್ನೆಲ್ಲ ಹರವಿಟ್ಟ ತಂತ್ರಾಂಶ.

ಎನ್.ಟಿ. ರೋಡಿನ ನಮ್ಮ ಅಂಗಡಿಯಲ್ಲಿ ನಾಯಿಯೂ ಇಲ್ಲ.
ಸುಟ್ಟ ಮೋಟರುಗಳಿವೆ,
ವಾರ್ನಿಷಿನ ವಾಸನೆ ಇದೆ,
ಕುಂಸಿಯವರು ಯಾರೋ ರಿಪೇರಿಗೆ ಬಿಟ್ಟು
ಎರಡು ವರ್ಷದಿಂದ ಮರೆತ ಮಿಕ್ಸಿ ಇದೆ.
ಮತ್ತೆ ಅಣ್ಣ ಮೌನೇಶನ ಲೆಕ್ಕ:
ಕ್ಯಾಲೆಂಡರಿನ ಹಿಂಬದಿ, ಸಿಗರೇಟಿನ ಪ್ಯಾಕು,
ಅಂಗಿಯ ಜೇಬಲ್ಲೇ ಒಗೆತಕ್ಕೆ ಹೋಗಿ ಹಿಟ್ಟಾದ ಚೀಟಿ,
ಉಳಿದದ್ದು ತಲೆಯಲ್ಲಿ.
ತಲೆಯಲ್ಲಿದ್ದದ್ದಕ್ಕೆ ಜಿಎಸ್‌ಟಿಯವರು ರಸೀದಿ ಕೇಳಿದರು.

ಕೊಂಡು ತರುವ ಸಾಫ್ಟ್‌ವೇರಿಗೆ ಇಪ್ಪತ್ತು ಕೇಜಿ ತಾಮ್ರದ ದುಡ್ಡು.
ಇದನ್ನೇ ಬಿಚ್ಚೋಣ ಅಂದೆ.

ಬಿಚ್ಚುವುದು ನನಗೆ ಗೊತ್ತು.
ಸುಟ್ಟ ಕಾಯಿಲು ಕತ್ತರಿಸುವ ಮುಂಚೆ
ಹಳೆಯ ಸುತ್ತು ಎಣಿಸಬೇಕು:
ಎಷ್ಟು, ಯಾವ ಗೇಜು, ಎಡಕ್ಕೋ ಬಲಕ್ಕೋ,
ಯಾವ ತುದಿ ಯಾವ ತುದಿಗೆ.
ಎಣಿಸದೆ ಕಿತ್ತವನ ಮೋಟರು
ತಿರುಗುತ್ತದೆ, ನೀರೆತ್ತುವುದಿಲ್ಲ.

ಮೊದಲ ವಾರ ಏನನ್ನೂ ಮುಟ್ಟಲಿಲ್ಲ, ಎಣಿಸಿದೆ.
ಆಮೇಲೆ
ದಿನಸಿ ಇದ್ದಲ್ಲಿ ತಾಮ್ರ,
ಹಾಲಿದ್ದಲ್ಲಿ ವಾರ್ನಿಷು,
ಸಾಕುಪ್ರಾಣಿ ಇದ್ದಲ್ಲಿ, ಅಳಿಸಲು ಮನಸ್ಸಾಗದೆ,
ಅಣ್ಣನ ಬೈಕಿನ ಪೆಟ್ರೋಲು.
ಉಡುಗೊರೆ ಎಂಬುದರ ಒಳಗೆ
ಹೊಳೆಹೊನ್ನೂರಿನ ಅತ್ತಿಗೆಯ ಅಪ್ಪನ ಬಾಕಿ:
ಬರುವುದೂ ಇಲ್ಲ, ಕೇಳುವ ಹಾಗೂ ಇಲ್ಲ.

ಕಿತ್ತ ಹಳೇ ತಾಮ್ರಕ್ಕೆ ಜಗಳವಾಯಿತು.
ಗಿರಾಕಿಯ ಮೋಟರಿಂದ ಬಂದು ಗುಜರಿಗೆ ಹೋಗಿ
ನಡುವೆ ಎಲ್ಲೂ ಹೆಸರಿಲ್ಲದೆ
ಅಣ್ಣನ ಚಹಾ ಆಗುವ ತಾಮ್ರ.
"ಅದನ್ನೆಲ್ಲ ಬರೀತಾರೇನೆ?"
"ಬರೀತಾರೆ. ಇದು ಎರಡೂ ಕೇಳುತ್ತೆ,
ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು."
"ಅವ್ವನ ಥರ" ಅಂದ.

ಬಿಲ್ಲು ಮಾತ್ರ ಸತಾಯಿಸಿತು.
ಮನೆಯಲ್ಲಿ ಯಾರು ಯಾರಿಗೆ ಬಿಲ್ಲು ಕೊಡುತ್ತಾರೆ?
ಅದಕ್ಕದು ಗೊತ್ತೇ ಇರಲಿಲ್ಲ.
ಹೊಸದಾಗಿ ಬರೆದೆ, ನೆತ್ತಿಗೆ ಅಂಗಡಿಯ ಹೆಸರು.
ಮುದ್ರಿಸಿದರೆ ಒತ್ತು ಕಳಚಿಕೊಂಡು
ಮೌನೇಶ್‌ವರ ಎಂದು ಪಕ್ಕಕ್ಕೆ ಬಿತ್ತು,
ಸವೆದ ಬೇರಿಂಗು ಜಾರಿದ ಹಾಗೆ.
ಮೂರು ರಾತ್ರಿ.
ಕೊನೆಗೆ ವಕಾರ ಹೋಗಿ ಶಕಾರದ ಕೆಳಗೆ ಕುಳಿತಾಗ
ಹಾಲಿನವನು ಗೇಟು ಬಡಿಯುತ್ತಿದ್ದ.

ತಿಂಗಳ ಕೊನೆ.
ಎರಡೂ ಬದಿ ತಾಳೆಯಾಯಿತು, ಪೈಸೆ ತಪ್ಪದೆ.
ಆದರೆ ಲಾಭ!
ಅಷ್ಟು ಲಾಭ ಈ ಅಂಗಡಿಗೆ ಯಾವತ್ತೂ ಬಂದಿಲ್ಲ,
ಬಂದಿದ್ದರೆ ಮೇಲಿನ ತಗಡು ಹೀಗಿರುತ್ತಿರಲಿಲ್ಲ.
ಮತ್ತೆ ಎಣಿಸಿದೆ, ಮೇಲಿಂದ ಕೆಳಗೆ.

ಮನೆಯ ಲೆಕ್ಕದಲ್ಲಿ ಸಂಬಳ
ಆದಾಯದ ಕೆಳಗಿರುತ್ತದೆ.
ಅಲ್ಲೇ ಬಿಟ್ಟಿದ್ದೆ, ಖಾಲಿಯಾಗಿ, ನಾನೇ.

ಹನ್ನೊಂದು ವರ್ಷ ಸುತ್ತಿದ್ದೇನೆ.
ಗಾಜನೂರಿನ ಪಂಪು, ಆಯನೂರಿನ ಹಿಟ್ಟಿನ ಗಿರಣಿ,
ಒಂದೊಂದು ಸ್ಲಾಟಿಗೂ ಬೆರಳು ತೂರಿಸಿ.
ಅದಕ್ಕೆ ನನ್ನ ತಂಗಿಯ ಕೈಯೇ ಬೇಕು ಎಂದು
ಅಣ್ಣ ಊರೆಲ್ಲ ಹೇಳುತ್ತಾನೆ.
ಕೇಳಿದಾಗ ಕೊಡುತ್ತಾನೆ, ಇಲ್ಲವೆನ್ನುವುದಿಲ್ಲ.
ಕೊಟ್ಟದ್ದು ಯಾವ ಖಾತೆ ಎಂದು
ಇಬ್ಬರೂ ಕೇಳಿಕೊಂಡಿರಲಿಲ್ಲ.

ಎಳೆದೆ.
ಆದಾಯದಿಂದ ಬಿಡಿಸಿ ಖರ್ಚಿನ ಕೆಳಗೆ ಹಾಕಿದೆ.
ಹೆಸರು: ಕಾಳಿಕಾ, ವೈಂಡಿಂಗ್.
ಎಷ್ಟು ಎಂಬಲ್ಲಿ ಕರ್ಸರು ಮಿಡಿಯುತ್ತ ನಿಂತಿತು.
ಎದುರಂಗಡಿಯ ಹೆಲ್ಪರ್ ಹುಡುಗನ ಸಂಬಳ ಗೊತ್ತಿತ್ತು.
ಅದಕ್ಕಿಂತ ಒಂದು ಸಾವಿರ ಹೆಚ್ಚಿಗೆ ಬರೆದೆ.

ಲಾಭ ದಡಕ್ಕನೆ ಇಳಿಯಿತು, ನಂಬುವ ಹಾಗೆ.

ಅಣ್ಣ ಬಂದು ಕನ್ನಡಕ ಹಣೆಗೇರಿಸಿ ಬಗ್ಗಿದ.
"ಇದ್ಯಾವ್ದು ಹೊಸ ಖರ್ಚು?"
"ಹೊಸದಲ್ಲ. ಈಗ ಕಾಣ್ತಿದೆ."
ಏನೂ ಅನ್ನಲಿಲ್ಲ. ಕುಂಸಿಯ ಮಿಕ್ಸಿ ಎತ್ತಿಕೊಂಡು ಕೂತ,
ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಇಡುತ್ತ ಬಿಚ್ಚತೊಡಗಿದ.
ಬಹಳ ಹೊತ್ತಿನ ಮೇಲೆ, ತಲೆ ಎತ್ತದೆ:
"ಹಿಂದಿನ ಹನ್ನೊಂದು ವರ್ಷದ್ದು
ಯಾವುದರ ಕೆಳಗೆ ಹಾಕ್ತೀಯ?"

ಸಾಲ ಎಂಬ ಖಾತೆ ಮೊದಲಿಂದಲೂ ಅಲ್ಲಿತ್ತು.
ಅದರ ಹೆಸರು ಬದಲಿಸುವ ಅಗತ್ಯ ಬಿದ್ದಿರಲಿಲ್ಲ.